ಮೀನಿನ ಹೊಟ್ಟೆಯಲ್ಲಿ ನೂರರವರೆಗೆ

"ತಲೆ ಹುಷಾರು. ಬಾಲದ ಹತ್ತಿರ ಬಗ್ಗಿ ನಡೀಬೇಕು," ಎಂದರು ಭಾವ.

ಎಂದವರೇ ಬಾಯಿ ಮುಚ್ಚಿಕೊಂಡರು. ಆದರೆ ಮಾತು ಆಡಿಯಾಗಿತ್ತು.

ಸಿಮೆಂಟಿನ ಮೀನಿನ ಹೊಟ್ಟೆಯೊಳಗೆ ಆಗ ಇದ್ದವರು ಮೂವರು. ಮುಂದೆ ಭಾವನ ಮಗಳು ಪುಟ್ಟಿ, ಅವಳ ಹಿಂದೆ ಭಾವ, ಕೊನೆಯಲ್ಲಿ ಜಿಗಣೆ. ಹಲ್ಲಿನ ಸಾಲು ದಾಟಿ ಇನ್ನೂ ನಾಲ್ಕು ಹೆಜ್ಜೆ ಬಂದಿದ್ದರಷ್ಟೆ. ಹೊಟ್ಟೆ ಅಲ್ಲಿಂದ ಎಡಕ್ಕೆ ತಿರುಗುತ್ತಿತ್ತು. ಬಾಲ ಎಲ್ಲಿದೆ, ಅಲ್ಲಿ ಚಾವಣಿ ಎಷ್ಟು ತಗ್ಗು ಎಂಬುದು ನಿಂತಲ್ಲಿಂದ ಕಾಣುವಂತಿರಲಿಲ್ಲ.

ಐದು ನಿಮಿಷದ ಹಿಂದೆ ಕಾರಿನಲ್ಲಿ ಇದೇ ಭಾವ, "ಈ ರಸ್ತೆಗೇ ನಾನು ಬಂದವನಲ್ಲ. ಇಲ್ಲೇನು ನೋಡೋದಿದೆ, ಮುಂದೆ ನಡಿ" ಎಂದಿದ್ದರು.

ಜಿಗಣೆ ಏನೂ ಕೇಳಲಿಲ್ಲ. ಪೊಲೀಸ್ ಕೆಲಸದಲ್ಲಿ ಇಪ್ಪತ್ತೈದು ವರ್ಷ ಸವೆಸಿದವಳು. ಬಾಯಿ ಜಾರಿದವರ ಮೇಲೆ ತಕ್ಷಣ ಬಿದ್ದರೆ ಅವರು ಎಚ್ಚರವಾಗುತ್ತಾರೆ ಎಂದು ಗೊತ್ತಿತ್ತು. ಹಿಡಿದದ್ದನ್ನು ಬಿಡುವುದಿಲ್ಲವೆಂದು ಠಾಣೆಯವರು ಇಟ್ಟ ಹೆಸರು ಅದು, ಜಿಗಣೆ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಇನ್ಸ್‌ಪೆಕ್ಟರ್ ಆದ ಮೇಲೆ ಅವಳೇ ಹೇಳಿಕೊಂಡು ನಗುತ್ತಿದ್ದಳು.

ಅವರು ಹೊರಟದ್ದು ಒಂದು ಸಾವನ್ನು ಕಾಗದಕ್ಕೆ ಇಳಿಸಲು. ಜಿಗಣೆಯ ಅಕ್ಕ, ಭಾವನ ಹೆಂಡತಿ, ಪುಟ್ಟಿಯ ಅಮ್ಮ, ಕಾಣೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ಇನ್ನು ಬರುವುದಿಲ್ಲ, ಸತ್ತಳೆಂದೇ ಲೆಕ್ಕ ಎಂದು ಕೋರ್ಟು ಬರೆದುಕೊಡಬೇಕು. ಅದಕ್ಕೆ ಗಂಡ ಮತ್ತು ತಂಗಿ ಮಧ್ಯಾಹ್ನ ಎರಡೂವರೆಗೆ ಜಡ್ಜ್ ಮುಂದೆ ನಿಂತು ಹೇಳಿಕೆ ಕೊಡಬೇಕು. ವರ್ಷಗಟ್ಟಲೆ ಇದನ್ನು ಮುಂದೂಡುತ್ತ ಬಂದಿದ್ದ ಭಾವ ಹೋದ ತಿಂಗಳು ತಾವಾಗಿಯೇ ಫೋನು ಮಾಡಿ, "ಮುಗಿಸಿಬಿಡೋಣ" ಎಂದಿದ್ದರು. ಆ ಒಂದು ಮಾತು ಜಿಗಣೆಯ ಕಿವಿಯಲ್ಲಿ ಅವತ್ತಿನಿಂದ ಕಡಿಯುತ್ತಿತ್ತು.

ದೊಡ್ಡ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ ಬಿದ್ದು ಗಾಡಿಗಳು ಮೈಲಿಯುದ್ದ ನಿಂತಿದ್ದವು. ಹಾಗಾಗಿ ಹಳೆ ರಸ್ತೆ ಹಿಡಿದರು. ಹಳೆ ರಸ್ತೆಯಲ್ಲಿ ಮೀನು.

ಐವತ್ತು ಅಡಿ ಉದ್ದದ ಮೀನು. ರಸ್ತೆಯ ಕಡೆಗೆ ಬಾಯಿ ತೆರೆದುಕೊಂಡು ಮಲಗಿತ್ತು. ಒಂದು ಕಾಲಕ್ಕೆ ನೀಲಿ ಬಣ್ಣ ಬಳಿದಿದ್ದರೇನೋ. ಈಗ ಬೆನ್ನ ಮೇಲೆ ಪಾಚಿ, ಹೊಟ್ಟೆಯ ಕೆಳಗೆ ತುಕ್ಕಿನ ಗೆರೆ. ಒಂದು ಕಣ್ಣು ಬಸ್ಸಿನ ಹೆಡ್‌ಲೈಟು, ಇನ್ನೊಂದು ಬರೀ ಗುಳಿ. ಕಿವಿರಿನ ಜಾಗದಲ್ಲಿ ಟಿಕೆಟ್ ಕಿಟಕಿ. ಪಕ್ಕದಲ್ಲಿ ಮಾಸಿದ ಬೋರ್ಡು: "ಮೀನಿನ ಬಾಯಲ್ಲಿ ನಿಲ್ಲಿ, ಫೋಟೊ ನಿಮ್ಮ ಮನೆಗೇ ಬರುತ್ತದೆ."

"ಚಿಕ್ಕಮ್ಮ, ನಿಲ್ಲಿಸು," ಎಂದಿದ್ದಳು ಪುಟ್ಟಿ. ಅವಳ ದನಿಯಲ್ಲಿ ಏನೋ ಇತ್ತು. "ಇದು ನಂಗೆ ಗೊತ್ತು."

"ಏನು ಗೊತ್ತು?"

"ಗೊತ್ತಿಲ್ಲ. ಕನಸಲ್ಲಿ ಬರುತ್ತಲ್ಲ ಆ ಬಾಯಿ. ಮೆಟ್ಟಿಲ ಥರ ಹಲ್ಲು. ಅದನ್ನ ನೆನೆಸ್ಕೊಂಡೇ ಹಲ್ಲಿನ ಡಾಕ್ಟರ್ ಆದೆ ಅಂತ ತಮಾಷೆ ಮಾಡ್ತಿದ್ನಲ್ಲ, ಅದು."

ಭಾವ ಆಗಲೇ ಇಲ್ಲೇನು ನೋಡೋದಿದೆ ಎಂದದ್ದು. ಪುಟ್ಟಿ ಕೇಳಲಿಲ್ಲ. ಅಪ್ಪನ ಮುಂಗೈ ಹಿಡಿದು ಎಳೆದುಕೊಂಡೇ ಒಳಗೆ ಬಂದಿದ್ದಳು.

ಒಳಗೆ ಸೆಕೆ. ಬಾಗಿದ ಕಬ್ಬಿಣದ ಸರಳುಗಳು ಪಕ್ಕೆಲುಬಿನ ಹಾಗೆ ಎರಡೂ ಕಡೆ ಎದ್ದು ಕಾಣುತ್ತಿದ್ದವು. ಸರಳು ಸರಳಿನ ನಡುವೆ ಗೋಡೆಯ ತುಂಬ ಫೋಟೊ. ಮೇಲಿನಿಂದ ಕೆಳಗಿನವರೆಗೆ, ಒಂದರ ಅಂಚಿಗೆ ಇನ್ನೊಂದು. ಅದೇ ಬಾಯಿ, ಅದೇ ಹಲ್ಲು; ನಿಂತವರು ಮಾತ್ರ ಬೇರೆ. ಹೊಸ ಮದುವೆಯವರು, ಲಾರಿ ಕ್ಲೀನರುಗಳು, ಕ್ರಿಕೆಟ್ ಟೀಮು, ಕೊರಳಪಟ್ಟಿ ಕಟ್ಟಿದ ಅಜ್ಜ. ಪ್ರತಿ ಫೋಟೊದಲ್ಲೂ ಕೆಳಗಿನ ಹಲ್ಲಿಗೆ ಒಂದು ಸ್ಲೇಟು ತೂಗುಹಾಕಿತ್ತು. ಸ್ಲೇಟಿನ ಮೇಲೆ ಬಳಪದಲ್ಲಿ ಆ ದಿನದ ತಾರೀಕು.

ತಾರೀಕು. ಜಿಗಣೆಯ ಕಣ್ಣು ಗೋಡೆಯ ಮೇಲೆ ಓಡತೊಡಗಿತು. ವರ್ಷದ ಪ್ರಕಾರ ಅಂಟಿಸಿದ್ದರು. ಹತ್ತು ವರ್ಷ ಹಿಂದೆ, ಹದಿನೈದು, ಇಪ್ಪತ್ತು. ಅವಳು ಭಾವನನ್ನು ದಾಟಿ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಿದ್ದಳು. ಹಿಂದೆ ಭಾವನ ಉಸಿರು ಕೇಳಿಸುತ್ತಿತ್ತು. ಅರವತ್ತೆರಡು ವರ್ಷದ, ಕನ್ನಡಕದ ಅಂಗಡಿ ಇಟ್ಟುಕೊಂಡ ಮನುಷ್ಯ. ದನಿ ಎತ್ತಿದವರಲ್ಲ.

"ಹೊರಗೆ ಹೋಗೋಣ," ಎಂದರು. "ಉಸಿರು ಕಟ್ತಾ ಇದೆ."

"ನೀವು ಹೋಗಿ ಭಾವ. ನಾನು ಬರ್ತೀನಿ."

ಭಾವ ಹೋಗಲಿಲ್ಲ.

ಮೊದಲು ಕಂಡದ್ದು ಪುಟ್ಟಿಗೆ. ತಿರುವಿನ ಆಚೆಯಿಂದ ಅವಳ ದನಿ ಬಂತು. "ಚಿಕ್ಕಮ್ಮ, ಈ ಫ್ರಾಕು ನಂದು."

ಹೌದು. ಬಾತುಕೋಳಿಯ ಜೇಬಿದ್ದ ಫ್ರಾಕು. ಜಿಗಣೆಯೇ ತಂದುಕೊಟ್ಟಿದ್ದು. ನಾಲ್ಕು ವರ್ಷದ ಪುಟ್ಟಿ ಹಲ್ಲುಗಳ ನಡುವೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಬಲಗಡೆ ಭಾವ, ತಲೆಯ ತುಂಬ ಕಪ್ಪು ಕೂದಲು, ಕ್ಯಾಮೆರಾ ಬಿಟ್ಟು ರಸ್ತೆಯ ಕಡೆ ನೋಡುತ್ತಿದ್ದರು. ಮಗುವಿನ ತಲೆಯ ಮೇಲೆ ಕೈ ಇಟ್ಟು ನಿಂತವಳು ಅಕ್ಕ. ಕಂದು ಸೀರೆ. ನಕ್ಕಿರಲಿಲ್ಲ.

ಸ್ಲೇಟಿನ ಮೇಲೆ ಮಾರ್ಚ್ ಹದಿಮೂರು ಎಂದಿತ್ತು. ವರ್ಷ, ಅಕ್ಕ ಕಾಣೆಯಾದದ್ದೇ.

ಮಾರ್ಚ್ ಒಂಬತ್ತರ ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿ ಕಾಣೆಯಾಗಿದ್ದಾಳೆಂದು ಭಾವ ಠಾಣೆಗೆ ಬಂದಿದ್ದರು. ದೂರು ಬರೆದುಕೊಂಡವಳು ಆಗ ಸಬ್ ಇನ್ಸ್‌ಪೆಕ್ಟರ್ ಆಗಿದ್ದ ಜಿಗಣೆಯೇ. ಹಸಿರು ಸೀರೆ, ಬಿಳಿ ರವಿಕೆ, ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಬರೆಯುವಾಗ ಪೆನ್ನು ಎರಡು ಸಲ ಕೈಯಿಂದ ಬಿದ್ದಿತ್ತು. ಭಾವ ಎರಡು ಸಲವೂ ಎತ್ತಿಕೊಟ್ಟಿದ್ದರು.

ಜಿಗಣೆ ಫೋಟೊದಿಂದ ಕಣ್ಣು ತೆಗೆಯದೆ ಹೇಳಿದಳು. "ಹಸಿರು ಸೀರೆ ಅಂದಿದ್ರಿ."

ಭಾವ ಪಕ್ಕದ ಸರಳು ಹಿಡಿದುಕೊಂಡರು.

"ಹಸಿರು ಸೀರೆ ಹುಡುಕಿಕೊಂಡು ನಾನು ಎಷ್ಟು ಶವಾಗಾರ ಸುತ್ತಿದೆ ಗೊತ್ತಾ ಭಾವ? ಕೆರೆಯಿಂದ ಎತ್ತಿದ ಒಬ್ಬಳ ಕಾಲ್ಬೆರಳು ನೋಡಿ ಅಕ್ಕನೇ ಅಂತ ಅಲ್ಲೇ ಕುಸಿದಿದ್ದೆ. ನೀವು ನನ್ನ ಭುಜ ಹಿಡ್ಕೊಂಡಿದ್ರಿ. ನೆನಪಿದೆಯಾ?"

"ಇದೆ."

"ಅವತ್ತು ನಿಮಗೆ ಗೊತ್ತಿತ್ತು, ಅದು ಅಕ್ಕ ಅಲ್ಲ ಅಂತ."

"ಗೊತ್ತಿತ್ತು."

ಪುಟ್ಟಿ ಇಬ್ಬರ ಮುಖವನ್ನೂ ನೋಡಿದಳು. "ಅಪ್ಪ, ಏನಿದು? ಅಮ್ಮ ಎಲ್ಲಿ?"

"ನಂಗೊತ್ತಿಲ್ಲ ಮಗಳೇ. ದೇವರಾಣೆ ಗೊತ್ತಿಲ್ಲ. ನಾಲ್ಕು ದಿನ ಅಂಗಡಿಯ ಅಟ್ಟದಲ್ಲಿ ಬಚ್ಚಿಟ್ಟು ಇಲ್ಲಿಗೆ ಕರ್ಕೊಂಡು ಬಂದೆ. ಫೋಟೊ ತೆಗೆಸೋಣ ಅಂದ್ಲು. ತೆಗೆಸಿದ್ವಿ. ಆಮೇಲೆ ನಿನ್ನನ್ನ ನನ್ನ ಕೈಗೆ ಕೊಟ್ಟು, ಇವಳನ್ನ ಒಳಗೆ ಕರ್ಕೊಂಡು ಹೋಗಿ, ನೂರು ಎಣಿಸಿ, ಆಮೇಲೆ ಹೊರಗೆ ಬನ್ನಿ ಅಂದ್ಲು. ನಾನು ಯಾವ ಕಡೆ ಹೋದೆ ಅನ್ನೋದು ನಿಮಗೆ ಗೊತ್ತಿರಬಾರದು, ಗೊತ್ತಿದ್ರೆ ನಿಮ್ಮ ನಾದಿನಿ ಹೇಗಾದ್ರೂ ಬಾಯಿ ಬಿಡಿಸ್ತಾಳೆ ಅಂದ್ಲು."

"ಎಣಿಸ್ತಾ ಇದ್ದೆ ನೀನು," ಎಂದಳು ಪುಟ್ಟಿ. ಅವಳ ದನಿ ಮಗುವಿನದಾಗಿತ್ತು. "ಕತ್ತಲಲ್ಲಿ. ನನ್ನನ್ನ ಎತ್ಕೊಂಡು. ಮುಗೀತು ಅಂದ್ಕೊಂಡೆ ನಾನು, ನೀನು ಮತ್ತೆ ಮೊದಲಿಂದ ಶುರು ಮಾಡ್ದೆ."

"ಮೂರು ಸಲ ಎಣಿಸ್ದೆ. ಹೊರಗೆ ಬರೋಕೆ ಕಾಲು ಬರ್ಲಿಲ್ಲ."

ಜಿಗಣೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸಿಮೆಂಟು ಬಿಸಿಯಾಗಿತ್ತು. ನಾದಿನಿ ಎಂದರೆ ತಾನು ಎಂಬುದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ನನ್ನಿಂದ ಯಾಕೆ ಓಡಿಹೋಗ್ಬೇಕಿತ್ತು ಅವಳು?"

"ನಿನಗೆ ಗೊತ್ತಿಲ್ವಾ?" ಭಾವ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ನಿಜವಾಗ್ಲೂ ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೊಳೀಲಿಲ್ವಾ? ಅವಳು ಎಲ್ಲಿ ಕೆಲಸ ಮಾಡ್ತಿದ್ಲು?"

ಅಕ್ಕ ಡಾಕ್ಟರೊಬ್ಬರ ಚಿಕ್ಕ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದಳು. ದೊಡ್ಡ ಜಾಡಿಗಳಿಂದ ಸಣ್ಣ ಬಾಟಲಿಗೆ ಔಷಧಿ ಸುರಿದು, ಚೀಟಿ ಅಂಟಿಸಿ, ಕಿಟಕಿಯಲ್ಲಿ ಕೊಡುವ ಕೆಲಸ. ಆ ವರ್ಷ ಮಾರ್ಚ್ ಏಳರಂದು ಅಲ್ಲಿಂದ ಕೆಮ್ಮಿನ ಔಷಧಿ ಒಯ್ದ ಆರು ವರ್ಷದ ಹೆಣ್ಣು ಮಗು ಸಂಜೆಯೊಳಗೆ ಸತ್ತಿತು. ಬಾಟಲಿಯಲ್ಲಿದ್ದದ್ದು ಗಾಯ ತೊಳೆಯುವ ದ್ರವ. ಕೇಸು ಜಿಗಣೆಯ ಕೈಗೆ ಬಂತು. ಅವಳ ಮೊದಲ ದೊಡ್ಡ ಕೇಸು. ಜಾಡಿ ತುಂಬಿಸುತ್ತಿದ್ದ ಅಟೆಂಡರನನ್ನು ಹಿಡಿದಳು. ರಜೆ ಕೊಡಲಿಲ್ಲವೆಂದು ಡಾಕ್ಟರ ಜೊತೆ ಜಗಳ ಆಡಿದ್ದ, ಜಾಡಿಯ ಮೇಲೆಲ್ಲ ಅವನ ಬೆರಳಚ್ಚು. ಬೇಕೆಂದೇ ಬದಲಾಯಿಸಿದ ಎಂದು ಸಾಬೀತಾಯಿತು. ಹತ್ತು ವರ್ಷ ಸಜೆ.

"ಅಟೆಂಡರ್ ಜಾಡಿ ಸರಿಯಾಗೇ ತುಂಬಿಸಿದ್ದ," ಎಂದರು ಭಾವ. "ಅವಳೇ ತಪ್ಪು ಜಾಡಿಯಿಂದ ಸುರಿದದ್ದು. ಎರಡು ರಾತ್ರಿ ನಿದ್ದೆ ಇರ್ಲಿಲ್ಲ, ಪುಟ್ಟಿಗೆ ಜ್ವರ. ಕೈತಪ್ಪು. ಬೇಕಂತ ಮಾಡಿದ್ದಲ್ಲ."

"ನಂಗೆ ಹೇಳಬಹುದಿತ್ತು."

"ಹೇಳೋಕೆ ಅಂತಾನೇ ಮಾರನೇ ದಿನ ನಿನ್ನನ್ನ, ನಿಮ್ಮಮ್ಮನ್ನ ಊಟಕ್ಕೆ ಕರೆದದ್ದು. ನೀನು ಬಂದೆ. ಕೈ ತೊಳ್ಕೊಂಡು ಕೂತೆ. ಸತ್ತ ಮಗುವಿನ ಅಮ್ಮ ನೆಲದ ಮೇಲೆ ಹೊರಳಾಡ್ತಾ ಇದ್ಲು ಅಂತ ಹೇಳ್ದೆ. ಆಮೇಲೆ ಏನಂದೆ? ಯಾರ ಕೈಯಿಂದ ಆಯ್ತೋ ಆ ಕೈಗೆ ಬೇಡಿ ಹಾಕ್ದೇ ಇದ್ರೆ ನಾನು ಈ ಬಟ್ಟೆ ಹಾಕಲ್ಲ, ಅವರು ನನ್ನ ಸ್ವಂತದವರಾದ್ರೂ ಸರಿ ಅಂದೆ."

ಜಿಗಣೆಗೆ ನೆನಪಿತ್ತು. ಆ ಮಾತು ಆಡುವಾಗ ಎಷ್ಟು ಹೆಮ್ಮೆಯಾಗಿತ್ತೆಂಬುದೂ ನೆನಪಿತ್ತು.

"ಅವಳು ನಿನಗೆ ಎರಡನೇ ಸಲ ಅನ್ನ ಬಡಿಸ್ತಾ ಇದ್ಲು. ಸೌಟು ಕೂಡ ಅಲುಗಲಿಲ್ಲ. ಒಳಗೆ ಬಂದು ನನಗೆ ಹೇಳಿದ್ಲು, ಇವಳು ನನ್ನ ತಂಗಿ ಅಲ್ಲ ಕಣ್ರೀ, ಪೊಲೀಸು ಅಂತ."

ಹೊರಗೆ ಲಾರಿಯೊಂದು ಹಾದುಹೋಯಿತು. ಮೀನಿನ ಮೈ ಸಣ್ಣಗೆ ನಡುಗಿ ನಿಂತಿತು.

"ಹಾಗಾದ್ರೆ ಅಟೆಂಡರ್?" ಎಂದಳು ಪುಟ್ಟಿ. ಇಬ್ಬರೂ ತಿರುಗಲಿಲ್ಲ. "ಕೇಳ್ತಾ ಇರೋದು ನಿಮ್ಮನ್ನೇ. ಆ ಮನುಷ್ಯ ಏನಾದ?"

"ಹತ್ತು ವರ್ಷ ಒಳಗಿದ್ದ," ಎಂದಳು ಜಿಗಣೆ. "ಓದೋಕೆ ಬರ್ತಿರ್ಲಿಲ್ಲ. ಅವನ ಹೇಳಿಕೆ ನಾನೇ ಬರೆದೆ. ನಾನೇ ಓದಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತಿದ. ಎಷ್ಟೋ ಸಲ, ನಾನಲ್ಲ ಅಮ್ಮ, ನಾನಲ್ಲ ಅಂದ. ನಾನು ಬಿಡ್ಲಿಲ್ಲ."

"ಜಿಗಣೆ," ಎಂದರು ಭಾವ ಸಣ್ಣ ದನಿಯಲ್ಲಿ. ಹೆಸರು ಕರೆದ ಹಾಗಿರಲಿಲ್ಲ ಅದು.

"ನೀವೂ ಸುಮ್ಮನಿದ್ರಿ ಭಾವ. ನಾನು ಗೊತ್ತಿಲ್ದೆ ಅವನನ್ನ ಒಳಗೆ ಹಾಕಿದೆ. ನೀವು ಗೊತ್ತಿದ್ದೂ ಹಾಕಿಸಿದ್ರಿ. ಆ ತೀರ್ಪಿನ ದಿನ ನನಗೆ ಸಿಹಿ ತಂದುಕೊಟ್ಟಿದ್ರಿ."

"ತಂದಿದ್ದೆ. ಇವಳನ್ನ ಸ್ಕೂಲಿಗೆ ಬಿಡೋವಾಗ ದಾರೀಲಿ ಅವನ ಹೆಂಡತಿ ಸಿಗ್ತಿದ್ಲು, ಯಾರದೋ ಮನೆ ಪಾತ್ರೆ ತಿಕ್ಕೋಕೆ ಹೋಗ್ತಾ. ಪ್ರತಿ ದಿನ. ನಾನು ಇನ್ನೊಂದು ರಸ್ತೆ ಹಿಡಿದೆ. ಅಷ್ಟೇ ನನ್ನ ಕೈಲಾದದ್ದು."

ಪುಟ್ಟಿ ಫೋಟೊದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅಮ್ಮನ ಮುಖದ ಮೇಲೆ ಬೆರಳು ಇಟ್ಟಳು, ತೆಗೆದಳು. "ಇವತ್ತು ಎರಡೂವರೆಗೆ ಕೋರ್ಟಲ್ಲಿ ಏನು ಹೇಳಬೇಕು ಅಂತಿದ್ದೆ ಅಪ್ಪ? ಸತ್ತಳು ಅಂತಾನಾ?"

"ಹಾಗಂತ ಕಾಗದ ಇದ್ರೆ ಅವನು ಬಿಡ್ತಾನೆ ಅಂದ್ಕೊಂಡೆ."

"ಯಾರು?"

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಒರೆಸುವಷ್ಟೇ ಜೋಪಾನವಾಗಿ.

"ಹೋದ ತಿಂಗಳು ಅಂಗಡಿಗೆ ಬಂದ. ಅಟೆಂಡರ್. ಗುರುತೇ ಸಿಗ್ಲಿಲ್ಲ. ಡಾಕ್ಟರು ಸಾಯೋ ಮುಂಚೆ ಅವನನ್ನ ಕರೆಸಿ, ತಪ್ಪು ನಿಂದಲ್ಲ, ಆ ಹೆಣ್ಣುಮಗಳದ್ದು, ಆಗಲೇ ಹೇಳ್ಬೇಕಿತ್ತು ಅಂದ್ರಂತೆ. ಬೈಲಿಲ್ಲ, ಹೊಡೀಲಿಲ್ಲ. ಗಿರಾಕಿಗಳು ಕೂರೋ ಬೆಂಚಿನ ಮೇಲೆ ಕೂತ. ಎಲ್ಲಿದಾರೆ ಅಂತ ಕೇಳ್ದ. ಸತ್ತೋದ್ಲು ಅಂದೆ. ಕಾಗದ ಇದ್ಯಾ ಅಂದ. ಇಲ್ಲ ಅಂದೆ. ಸರಿ ಅಂತ ಎದ್ದು ಹೋದ. ಮಾರನೇ ದಿನ ಮತ್ತೆ ಬಂದು ಕೂತ. ಆಮೇಲೆ ದಿನಾ. ಬಾಗಿಲು ತೆಗೆಯೋವಾಗ ಬರೋನು, ಹಾಕೋವಾಗ ಹೋಗೋನು. ಒಂದು ಮಾತಿಲ್ಲ."

"ನಂಗೆ ಯಾಕೆ ಫೋನು ಮಾಡ್ಲಿಲ್ಲ?"

"ಏನಂತ ಮಾಡ್ಲಿ? ನೀನು ಜೈಲಿಗೆ ಹಾಕಿದವನು ಬಂದು ಕೂತಿದಾನೆ, ಮತ್ತೆ ಹಾಕು ಅಂತಾನಾ?"

ಜಿಗಣೆ ಫೋಟೊದ ಸ್ಲೇಟಿನ ಕಡೆ ಮತ್ತೆ ನೋಡಿದಳು.

"ಮೊನ್ನೆ ತಡೀಲಾರದೆ ಹೇಳಿಬಿಟ್ಟೆ. ಹಳೆ ರಸ್ತೆಯ ಮೀನಿನ ಹತ್ರ ಬಿಟ್ಟೆ, ಅದರ ಆಚೆ ನನಗೆ ಗೊತ್ತಿಲ್ಲ ಅಂದೆ. ಇಷ್ಟೂ ಹೇಳ್ದೆ: ಫೋಟೊ ಕಳಿಸೋಕೆ ಒಂದು ಅಡ್ರೆಸ್ ಬರೆಸಿದ್ಲು. ಏನು ಬರೆಸಿದ್ಲು ನಾನು ನೋಡಿಲ್ಲ, ನೋಡಬೇಡಿ ಅಂದಿದ್ಲು. ಎಲ್ಲಿಗೆ ಹೋಗ್ತಾಳೋ ಅಲ್ಲಿನ ಅಡ್ರೆಸ್ಸೇ ಇರಬೇಕು."

ಜಿಗಣೆ ಒಮ್ಮೆಲೇ ನೆಟ್ಟಗಾದಳು. ಇಪ್ಪತ್ತೈದು ವರ್ಷದ ಅಭ್ಯಾಸ ಅವಳ ದುಃಖವನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಿತ್ತು. ಮೊನ್ನೆ ಹೇಳಿದ್ದಾರೆ. ಎರಡು ದಿನ. ಎರಡು ದಿನದಲ್ಲಿ ಒಬ್ಬ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಬಹುದು.

"ಆ ಫೋಟೊದಲ್ಲಿ ಅಂಥದ್ದೇನಿದೆ ಅಮ್ಮ?"

ಮೂವರೂ ಬೆಚ್ಚಿ ತಿರುಗಿದರು. ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಮುದುಕ ಒಳಗೆ ಬಂದಿದ್ದ. ಮೀನು ಕಟ್ಟಿದ ಮೇಸ್ತ್ರಿ ಅವನೇ. ಸುಣ್ಣ ತಗುಲಿ ತಗುಲಿ ಬೆರಳುಗಳ ಚರ್ಮ ಬಿಳಿಚಿಕೊಂಡಿತ್ತು. ಮಾತಾಡುತ್ತಲೇ ಪಕ್ಕದ ಸರಳೊಂದನ್ನು ಸವರಿ, ತುಕ್ಕು ಹಿಡಿದಿದೆಯೇ ಎಂದು ಬೆರಳು ನೋಡಿಕೊಂಡ.

"ದೊಡ್ಡ ರಸ್ತೆ ಆದ ಮೇಲೆ ಇಲ್ಲಿಗೆ ನಾಯಿ ಕೂಡ ಬರಲ್ಲ. ಈಗ ನೋಡಿದ್ರೆ ಒಂದೇ ಫೋಟೊ ಕೇಳಿಕೊಂಡು ಎರಡು ದಿನದಲ್ಲಿ ಎರಡು ಸಲ ಜನ."

"ಯಾರು ಬಂದಿದ್ರು? ಯಾವಾಗ?"

"ನಿನ್ನೆ ಬೆಳಿಗ್ಗೆ. ತೆಳ್ಳಗಿನ ಮನುಷ್ಯ, ಬಲಗಾಲು ಸ್ವಲ್ಪ ಎಳೀತಾರೆ. ಬಹಳ ಮರ್ಯಾದಸ್ಥರು. ಟಿಕೆಟ್ ತಗೊಳ್ದೆ ಒಳಗೆ ಬರಲ್ಲ ಅಂದ್ರು. ಇಲ್ಲೇ ಕೂತು ಒಂದು ಗಂಟೆ ನೋಡಿದ್ರು. ಆಮೇಲೆ ಹಿಂದೆ ಏನು ಬರೆದಿದೆ ಓದಿ ಹೇಳ್ತೀರಾ, ನಂಗೆ ಅಕ್ಷರ ಬರಲ್ಲ ಅಂದ್ರು."

"ಹಿಂದೆ ಬರೆದಿದೆಯಾ?"

"ಅದು ನನ್ನ ಪದ್ಧತಿ. ಎರಡು ಪ್ರಿಂಟು ಹಾಕಿಸ್ತಿದ್ದೆ. ಒಂದು ಗಿರಾಕಿಗೆ ಅಂಚೇಲಿ, ಒಂದು ಮೀನಿಗೆ. ಮೀನಿನ ಪ್ರಿಂಟಿನ ಹಿಂದೆ ಅಡ್ರೆಸ್ಸು ಬರೆದಿಡೋದು. ಸಿಕ್ಕಲಿಲ್ಲ ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ ಬೇಕಲ್ಲ."

"ಬಿಚ್ಚಿ," ಎಂದಳು ಜಿಗಣೆ.

ಮೇಸ್ತ್ರಿ ಉಗುರಿನಿಂದ ಫೋಟೊದ ಮೂಲೆ ಎಬ್ಬಿಸಿದ. ನಿನ್ನೆ ತಾನೇ ಬಿಚ್ಚಿ ಅಂಟಿಸಿದ್ದರಿಂದ ಸಲೀಸಾಗಿ ಬಂತು. ಅದರ ಬೆನ್ನಿಗೆ ಒಂದು ದಪ್ಪ ಕಾರ್ಡು ಹೊಲಿದ ಹಾಗೆ ಪಿನ್ನು ಹಾಕಿತ್ತು.

"ಈ ಅಮ್ಮನ್ನ ನಾನು ಮರೆಯೋ ಹಾಗಿಲ್ಲ," ಎಂದ ಮೇಸ್ತ್ರಿ. "ಫೋಟೊ ತೆಗೆಸಿ, ಇವರೆಲ್ಲ ಒಳಗೆ ಹೋದ ಮೇಲೆ, ನನ್ನ ಕಿಟಕಿ ಹತ್ರ ಬಂದು ದಪ್ಪ ಕವರು ಕೊಟ್ರು. ಮೊದಲೇ ಬರೆದು ಅಂಟಿಸಿದ್ದು. ಫೋಟೊ ಜೊತೆ ಇದನ್ನೂ ಒಟ್ಟಿಗೆ ಹಾಕಿ, ರಿಜಿಸ್ಟರ್ ಮಾಡಿ, ಮುಟ್ಟಿದ್ದಕ್ಕೆ ರುಜು ಹಾಕಿದ ಕಾರ್ಡು ವಾಪಸ್ಸು ಬರೋ ಹಾಗೆ ಕಳಿಸಿ ಅಂದ್ರು. ಕೈ ಮುಗಿದ್ರು. ಒಬ್ಬ ನಿರಪರಾಧಿ ಬಡವನ ಜೀವ ಇದರಲ್ಲಿದೆ ಅಂದ್ರು. ವಾರದಲ್ಲಿ ಪ್ರಿಂಟು ಬಂತು, ಕಳಿಸ್ದೆ. ಕಾರ್ಡೂ ವಾಪಸ್ಸು ಬಂತು. ಇದೇ."

"ನಿನ್ನೆ ಬಂದವರಿಗೂ ಇದನ್ನೆಲ್ಲ ಹೇಳಿದ್ರಾ?"

"ಕೇಳಿದ್ರು, ಹೇಳ್ದೆ. ಪಾಪ, ಅತ್ತುಬಿಟ್ರು. ಹಾಗಾದ್ರೆ ಕಾಗದ ಮುಟ್ಟಿತ್ತು ಅಂತ ಎರಡು ಸಲ ಕೇಳಿದ್ರು. ಮುಟ್ಟಿತ್ತು, ಇಗೋ ರುಜು ಅಂದೆ. ಕೈ ಮುಗಿದು ಹೋದ್ರು. ಬಂದ ಕಡೆಗೇ, ವಾಪಸ್ಸು."

ಭಾವ ಮುಂದೆ ಬಂದರು. "ಎಲ್ಲಿ? ಎಲ್ಲಿದಾಳೆ? ಯಾವ ಊರು?"

ಜಿಗಣೆ ಫೋಟೊ ತಿರುಗಿಸಿ ಹಿಡಿದಿದ್ದಳು. ಫೋಟೊದ ಬೆನ್ನ ಮೇಲೆ ಮೇಸ್ತ್ರಿಯ ಗುಂಡು ಅಕ್ಷರದಲ್ಲಿ ಬರೆದದ್ದನ್ನು ಅವಳು ಓದಿಯಾಗಿತ್ತು. ಅಕ್ಕ ಹೋದ ಊರಲ್ಲ ಅದು. ಪೊಲೀಸ್ ಕ್ವಾರ್ಟರ್ಸ್, ನಾಲ್ಕನೇ ಮನೆ. ಮೇಲೆ ಜಿಗಣೆಯ ಹೆಸರು.

ಅಕ್ಕ ಓಡಿಹೋದವಳೇ. ಆದರೆ ಓಡುವ ಮುಂಚೆ ತಪ್ಪೊಪ್ಪಿಕೊಂಡು ಹೋಗಿದ್ದಳು. ಪೊಲೀಸಿಗೂ ಅಲ್ಲ, ಕೋರ್ಟಿಗೂ ಅಲ್ಲ, ತಂಗಿಗೆ. ತೀರ್ಪು ಬರಲು ಆಗ ಇನ್ನೂ ಎಂಟು ತಿಂಗಳಿತ್ತು. ಆ ಕವರು ಕೈಗೆ ಸಿಕ್ಕಿದ್ದರೆ ಅಟೆಂಡರ್ ಒಂದು ದಿನವೂ ಸಜೆ ಅನುಭವಿಸಬೇಕಿರಲಿಲ್ಲ.

ಸಿಕ್ಕಿರಲಿಲ್ಲ. ಆದರೆ ಅವನಿಗೆ ಈಗ ಗೊತ್ತಿರುವುದು ಇಷ್ಟೇ: ಕಾಗದ ಇನ್ಸ್‌ಪೆಕ್ಟರಮ್ಮನ ಮನೆಗೆ ಮುಟ್ಟಿತ್ತು, ಇನ್ಸ್‌ಪೆಕ್ಟರಮ್ಮ ಬಾಯಿ ಮುಚ್ಚಿಕೊಂಡಿದ್ದಳು, ಕೇಸು ಗೆದ್ದು ಬಡ್ತಿ ಪಡೆದಿದ್ದಳು.

"ಚಿಕ್ಕಮ್ಮ, ನಿಂಗೆ ಬಂದಿತ್ತಾ ಇದು?" ಪುಟ್ಟಿ ಹೆಗಲ ಮೇಲಿಂದ ಓದಿದ್ದಳು. ಆ ಪ್ರಶ್ನೆಯಲ್ಲಿ ನಂಬಿಕೆ ಇರಲಿಲ್ಲ. ಜಿಗಣೆ ಎಷ್ಟೋ ಜನರನ್ನು ಕೇಳಿದ್ದ ದನಿ ಅದೇ.

"ಇಲ್ಲ ಪುಟ್ಟಿ."

"ರುಜು ಇದೆಯಲ್ಲ."

ಜಿಗಣೆ ಕಾರ್ಡು ಬಿಡಿಸಿ ಬಾಯಿಯ ಕಡೆಯಿಂದ ಬರುತ್ತಿದ್ದ ಬೆಳಕಿಗೆ ಹಿಡಿದಳು. ಮುಟ್ಟಿದೆ ಎಂಬುದರ ಕೆಳಗೆ ನೀಲಿ ಶಾಯಿಯ ರುಜು. ಮಗು ಬರೆದ ಹಾಗೆ ಒಂದೊಂದೇ ಅಕ್ಷರ, ಗೆರೆಯಿಂದ ಕೆಳಗೆ ಜಾರಿತ್ತು. ಕೊನೆಯ ಅಕ್ಷರದ ಕೊಂಬು ಬಲಕ್ಕೆ ಬರುವ ಬದಲು ಎಡಕ್ಕೆ ಎಳೆದಿತ್ತು.

ಆ ರುಜು ಕಲಿಸಿದವಳು ಅವಳೇ. ಕೆಲಸ ಸಿಕ್ಕಿ ಅಮ್ಮನನ್ನು ಕ್ವಾರ್ಟರ್ಸಿಗೆ ಕರೆತಂದ ವರ್ಷ, ಅಡುಗೆಮನೆಯ ನೆಲದ ಮೇಲೆ ಕೂತು, ಅಮ್ಮನ ಕೈ ಹಿಡಿದು ತಿದ್ದಿಸಿದ್ದಳು. ನನ್ನ ಅಮ್ಮ ಹೆಬ್ಬೆಟ್ಟು ಒತ್ತಬಾರದು ಎಂದಿದ್ದಳು. ಬೇರೆ ಒಂದಕ್ಷರವೂ ಓದಲು ಬಾರದ ಅಮ್ಮ, ಕೊಂಬನ್ನು ಎಷ್ಟು ಹೇಳಿದರೂ ಎಡಕ್ಕೇ ಎಳೆಯುತ್ತಿದ್ದಳು. ಎಡಕ್ಕೆ ಎಳೆದರೆ ಪೋಸ್ಟ್‌ಮ್ಯಾನ್ ಬೇಡ ಅಂತಾನಾ ಎಂದು ನಗುತ್ತಿದ್ದಳು.

ಅಮ್ಮ ಈಗ ಮನೆಯಲ್ಲಿ ಒಬ್ಬಳೇ ಇದ್ದಳು.

ಜಿಗಣೆ ಓಡಿದಳು. ಹಲ್ಲುಗಳ ನಡುವೆ ನಿಂತರೆ ಮಾತ್ರ ಸಿಗ್ನಲ್ ಬರುತ್ತಿತ್ತು. ಮನೆಯ ನಂಬರ್ ಒತ್ತಿದಳು. ಹಿಂದೆ ಭಾವ, ಪುಟ್ಟಿ, ಇಬ್ಬರೂ ಬಂದು ನಿಂತರು. ಯಾರೂ ಯಾರನ್ನೂ ಮುಟ್ಟಲಿಲ್ಲ.

ಆರು ಸಲ ರಿಂಗಾದ ಮೇಲೆ ಅಮ್ಮ ಎತ್ತಿದಳು.

"ಅಮ್ಮ, ಬಾಗಿಲು ಹಾಕಿದೆಯಾ?"

"ಯಾಕೆ ಹಾಕ್ಲಿ, ಹಗಲು ಹೊತ್ತಲ್ಲಿ? ಕೋರ್ಟಿಗೆ ಮುಟ್ಟಿದ್ರಾ?"

"ಅಮ್ಮ, ಯಾರಾದ್ರೂ ಬಂದಿದ್ರಾ?"

"ಬಂದಿದಾರೆ. ಇಲ್ಲೇ ಕೂತಿದಾರೆ, ನನ್ನೆದುರಿಗೆ. ಕಾಲು ನೋವಂತೆ ಪಾಪ, ಕುರ್ಚಿ ಕೊಟ್ಟೆ. ನೀರು ಕೇಳಿದ್ರು." ಅಮ್ಮನ ದನಿ ಎಂದಿನ ಹಾಗೇ ಇತ್ತು. "ನಿನ್ನ ಹತ್ರ ಮಾತಾಡ್ಬೇಕಂತೆ. ನೀನು ಬರೋವರೆಗೆ ಕೂತಿರ್ತೀನಿ ಅಂತಾರೆ."

"ಫೋನು ಅವರ ಕೈಗೆ ಕೊಡು."

"ತಾಳು." ಅಮ್ಮ ಎದ್ದು ಅಡುಗೆಮನೆಗೆ ನಡೆದು, ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಅಮ್ಮ ಬಾಯಿಯನ್ನು ಫೋನಿಗೆ ಒತ್ತಿ ಹಿಡಿದಳೇನೋ, ದನಿ ತೀರಾ ಹತ್ತಿರ ಬಂತು. ನಿಧಾನವಾಯಿತು.

"ನಿಮ್ಮಕ್ಕ ಕಳಿಸಿದ ಕವರು ಕೇಳ್ತಾ ಇದಾರೆ ಕಣೇ. ಕಾಣೆಯಾದ ಮೇಲೆ ಅಂಚೇಲಿ ಬಂದ ಆ ಫೋಟೊ ನೋಡ್ದಾಗಲೇ ಅವಳು ಬದುಕಿದಾಳೆ ಅಂತ ತಿಳ್ಕೊಂಡೆ. ನಿನ್ನ ಕೈಗೆ ಕೊಟ್ರೆ ಹುಡುಕಿ ಹಿಡ್ಕೊಂಡು ಬರ್ತಿದ್ದೆ ನೀನು. ಅದಕ್ಕೇ ಕೊಡ್ಲಿಲ್ಲ. ಕಾಗದದಲ್ಲಿ ಏನಿದೆಯೋ ನಂಗೊತ್ತಿಲ್ಲ, ಯಾರ ಹತ್ರಾನೂ ಓದಿಸಿಲ್ಲ." ಅಮ್ಮ ಉಸಿರು ಎಳೆದುಕೊಂಡಳು. "ಈಗ ಕೈಯಲ್ಲೇ ಹಿಡ್ಕೊಂಡಿದೀನಿ. ಒಲೆ ಉರೀತಾ ಇದೆ. ಇವರಿಗೆ ಕೊಡ್ಲಾ, ಒಲೆಗೆ ಹಾಕ್ಲಾ? ಬೇಗ ಹೇಳು, ಅವರು ಎದ್ದು ನಿಂತ್ರು."